ಲೋಡರ್ ಎಣ್ಣೆ ಕಾದರೆ: ಕೂಲರ್‌ಗಿಂತ ಮೊದಲು ನೋಡಬೇಕಾದದ್ದು

ನಮ್ಮದು ಚಳ್ಳಕೆರೆ ಸೀಮೆ. ಮಳೆ ನಂಬಿ ಶೇಂಗಾ, ತೊಗರಿ ಬೆಳೆಯುವ ಹೊಲ. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಗೋಡು ಹೊಡೆದು ಹೊಲಕ್ಕೆ ಹಾಕೋದು ಹಿರಿಯರಿಂದ ಬಂದ ಪದ್ಧತಿ. ಎತ್ತಿನಗಾಡಿ, ಗುದ್ದಲಿ ಹೋಗಿ ಈಗ ಟ್ರ್ಯಾಕ್ಟರು ಬಂದಿದೆ. ಸ್ವಂತಕ್ಕೂ ಆಯ್ತು, ಬಾಡಿಗೆಗೂ ಆಯ್ತು ಅಂತ ನಾನೂ ಸಾಲ ಮಾಡಿ ನನ್ನ ಟ್ರ್ಯಾಕ್ಟರಿನ ಮುಂದಕ್ಕೆ ಲೋಡರ್ ಬಕೆಟ್ ಹಾಕಿಸಿದೆ.

2023ರಲ್ಲಿ ಮಳೆ ಕೈಕೊಟ್ಟಿತು. 2024ರ ಬೇಸಿಗೆಗೆ ಕೆರೆ ಅಂಗಳ ಬಿರುಕು ಬಿಟ್ಟಿತ್ತು. ಗೋಡು ಹೊಡೆಸೋಕೆ ಜನ ಸಾಲು ನಿಂತರು. ಆದರೆ ಬೆಳಿಗ್ಗೆ ಸಲೀಸಾಗಿ ಏಳುತ್ತಿದ್ದ ಬಕೆಟ್ ಹನ್ನೊಂದು ಗಂಟೆಗೆಲ್ಲ ಸೋಮಾರಿ ಆಗ್ತಿತ್ತು. ಮಧ್ಯಾಹ್ನ ಎತ್ತಿ ನಿಲ್ಲಿಸಿದರೆ ತಾನೇ ಕೆಳಗಿಳಿಯೋದು. ಎಣ್ಣೆ ಟ್ಯಾಂಕ್ ಮುಟ್ಟಿದರೆ ಕೈ ಸುಡೋದು. ಒಂದೇ ತಿಂಗಳಲ್ಲಿ ಎರಡು ಸಲ ಜಾಕಿನ ಸೀಲ್ ಹೋದವು. ಮಳೆ ಬಿದ್ದು ಕೆರೆಗೆ ನೀರು ಬಂದರೆ ಕೆಲಸ ನಿಲ್ಲುತ್ತೆ, ಸಾಲದ ಕಂತು ನಿಲ್ಲೋದಿಲ್ಲ.

ಆಯಿಲ್ ಕೂಲರ್ ಹಾಕಿಸು ಅಂತ ಯಾರೋ ಹೇಳಿದರು. ತಂದು ರೇಡಿಯೇಟರ್ ಮುಂದೆ ಕಟ್ಟಿಸಿದೆ. ಎಣ್ಣೆ ಸ್ವಲ್ಪ ತಣ್ಣಗಾಯ್ತು, ಆದರೆ ಇಂಜಿನ್ ನೀರು ಕಾಯೋಕೆ ಶುರುವಾಯ್ತು. ಸೀಲ್ ಮೂರನೇ ಸಲ ಹೋಯ್ತು. ಆಮೇಲೆ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಕಾವು ಹುಟ್ಟೋದು ಎಲ್ಲಿ?

ಆಟೋಮ್ಯಾಟಿಕ್ ಗೇರಿನ ಕಾರು ರಿಪೇರಿ ಮಾಡುವ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿದೆ. ಅವರು ನಕ್ಕರು. ‘ಯಜಮಾನ್ರೇ, ಒಲೆ ಉರೀತಾನೇ ಇದೆ, ನೀವು ಹಾಲು ಉಕ್ಕದಂಗೆ ಊದ್ತಾ ಕೂತಿದ್ದೀರಿ. ಮೊದ್ಲು ಉರಿ ತಗ್ಗಿಸಿ’ ಅಂದರು.

ಆ ಕಾರುಗಳಲ್ಲಿ ಇಂಜಿನ್ನಿನ ಶಕ್ತಿ ಗೇರಿಗೆ ಹೋಗೋದು ಎಣ್ಣೆಯ ಮೂಲಕ. ಭಾರ ಹೊತ್ತು ನಿಧಾನವಾಗಿ ಏರು ಹತ್ತುವಾಗ ಎಣ್ಣೆ ಕಡೆದು ಕಡೆದು ಕಾಯುತ್ತೆ. ಅದಕ್ಕೇ ಎಷ್ಟೋ ಕಾರುಗಳಲ್ಲಿ ಆ ಎಣ್ಣೆಯನ್ನು ರೇಡಿಯೇಟರ್ ಒಳಗೆ ಹಾಯಿಸಿ ತಣಿಸುತ್ತಾರೆ. ಹೆಚ್ಚು ಭಾರ ಎಳೆಯುವವರು ಹೊರಗೆ ಇನ್ನೊಂದು ಕೂಲರ್ ಹಾಕಿಸುತ್ತಾರೆ. ನಮ್ಮ ಲೋಡರಿನ ಸಂಗತಿಯೂ ಹೆಚ್ಚುಕಡಿಮೆ ಇದೇ. ಶಕ್ತಿ ಕೆಲಸಕ್ಕೆ ಹೋಗದಿದ್ದರೆ ಕಾವಾಗುತ್ತೆ.

ನಾನು ಓದಿದ್ದು ಏಳನೇ ಕ್ಲಾಸು. ಆದರೂ ಅವರು ಹೇಳಿದ ಲೆಕ್ಕ ನನಗೆ ತಿಳೀತು. ಪಂಪು ನಿಮಿಷಕ್ಕೆ ಎಷ್ಟು ಲೀಟರ್ ತಳ್ಳುತ್ತೋ ಅದನ್ನು ಪ್ರೆಷರಿನಿಂದ ಗುಣಿಸಿ 600ರಿಂದ ಭಾಗಿಸಿದರೆ ಕಿಲೋವ್ಯಾಟ್ ಸಿಗುತ್ತೆ. 40 ಲೀಟರ್, 150 ಬಾರ್ ಪ್ರೆಷರ್ ಅಂದರೆ 10 ಕಿಲೋವ್ಯಾಟ್. ಬಕೆಟ್ ಪೂರ್ತಿ ಎದ್ದ ಮೇಲೂ ಲಿವರ್ ಎಳೆದು ಹಿಡಿದರೆ ಎಣ್ಣೆಯೆಲ್ಲ ರಿಲೀಫ್ ವಾಲ್ವ್ ಮೂಲಕ ನುಗ್ಗಿ ಟ್ಯಾಂಕಿಗೆ ವಾಪಸ್ ಬರುತ್ತೆ. ಆಗ ಆ 10 ಕಿಲೋವ್ಯಾಟೂ ಕಾವೇ. ಸ್ನಾನದ ನೀರು ಕಾಯಿಸುವ 1 ಕಿಲೋವ್ಯಾಟಿನ ಕಾಯಿಲ್ ಹತ್ತನ್ನು ಒಟ್ಟಿಗೆ ಟ್ಯಾಂಕಿಗೆ ಇಳಿಬಿಟ್ಟಂಗೆ. 40 ಲೀಟರ್ ಎಣ್ಣೆ ಒಂದೇ ನಿಮಿಷಕ್ಕೆ ಎಂಟೊಂಬತ್ತು ಡಿಗ್ರಿ ಏರುತ್ತೆ.

ಕಾದ ಎಣ್ಣೆ ನೀರಾಗುತ್ತೆ. ನಾವು ಹಾಕುವ 68ನೇ ನಂಬರ್ ಎಣ್ಣೆಯ ಮಂದ 40 ಡಿಗ್ರಿಯಲ್ಲಿ 68 ಇದ್ದರೆ 100 ಡಿಗ್ರಿಯಲ್ಲಿ ಎಂಟೊಂಬತ್ತು ಮಾತ್ರ. ಅಷ್ಟು ತೆಳುವಾದರೆ ಪಂಪು, ಜಾಕು ಎಲ್ಲದರ ಸಂದಿಯಲ್ಲೂ ಜಾರುತ್ತೆ. ಜಾರಿದಷ್ಟೂ ಇನ್ನೂ ಕಾಯುತ್ತೆ. ಎಣ್ಣೆ 80 ಡಿಗ್ರಿ ದಾಟದಂತೆ ನೋಡಿಕೊಳ್ಳಬೇಕು. ಅದರ ಮೇಲೆ ಪ್ರತಿ 10 ಡಿಗ್ರಿಗೆ ಎಣ್ಣೆಯ ಆಯುಷ್ಯ ಅರ್ಧ ಆಗುತ್ತೆ ಅನ್ನೋದು ಅಂದಾಜು ಲೆಕ್ಕ. ರಬ್ಬರ್ ಸೀಲೂ ಬಿರುಸಾಗಿ ಸೀಳುತ್ತೆ.

ಮೊದಲು ಈ ಮೂರು ನೋಡಿ

1. ಲಿವರ್ ಹಿಡಿಯುವ ರೂಢಿ. ನನ್ನ ಮಗ ಟ್ರಾಲಿ ತುಂಬುವಾಗ ಬಕೆಟ್ ಮೇಲೆ ಮುಟ್ಟಿದರೂ ಲಿವರ್ ಬಿಡ್ತಿರಲಿಲ್ಲ. ತಪ್ಪು ಅವನದಲ್ಲ, ಕಲಿಸಿದವನು ನಾನೇ. ಜಾಕ್ ತುದಿ ಮುಟ್ಟಿ ಇಂಜಿನ್ ಸದ್ದು ಭಾರವಾದ ತಕ್ಷಣ ಲಿವರ್ ಬಿಡಬೇಕು.

2. ಫಿಲ್ಟರ್ ಮತ್ತು ಎಣ್ಣೆ ಮಟ್ಟ. ನಮ್ಮ ಟ್ಯಾಂಕಿನ ಮುಚ್ಚಳ ಕಳೆದು ಬಟ್ಟೆ ತುರುಕಿದ್ದೆವು. ಗೋಡಿನ ಧೂಳು ಒಳಗಿಳಿದು ಪಂಪಿಗೆ ಎಣ್ಣೆ ಹೀರುವ ಜಾಲರಿ ಕಟ್ಟಿತ್ತು. ಗಾಳಿಯಾಡುವ ಫಿಲ್ಟರ್ ಇರುವ ಮುಚ್ಚಳವೇ ಬೇಕು.

3. ರಿಲೀಫ್ ವಾಲ್ವ್. ಇದರ ಪ್ರೆಷರ್ ಇಳಿದಿದ್ದರೆ ಭಾರ ಎತ್ತುವಾಗಲೇ ಎಣ್ಣೆ ಸೋರಿ ಕಾಯುತ್ತೆ. ಗೇಜ್ ಹಾಕಿ, ಲೋಡರ್ ಮಾಡಿದವರು ಕೊಟ್ಟ ಅಂಕಿಗೇ ನಿಲ್ಲಿಸಬೇಕು. ಅಂದಾಜಿಗೆ ಸ್ಕ್ರೂ ತಿರುವಬೇಡಿ. ಪೈಪು ಒಡೆದೀತು.

ನನ್ನಲ್ಲಿದ್ದದ್ದು ಮೊದಲ ಎರಡು ತಪ್ಪು. ತಿದ್ದಿದ ಮೇಲೂ ಮಟಮಟ ಬಿಸಿಲಲ್ಲಿ ಎಣ್ಣೆ 80 ದಾಟುತ್ತಿತ್ತು. ಆಗ ಕೂಲರ್ ನಿಜಕ್ಕೂ ಬೇಕು.

ಕೂಲರ್ ಕೂರಿಸುವ ಕ್ರಮ

ಎಣ್ಣೆ ಟ್ಯಾಂಕಿಗೆ ಮರಳುವ ರಿಟರ್ನ್ ಲೈನಿನಲ್ಲೇ ಕೂರಿಸಬೇಕು. ಪ್ರೆಷರ್ ಲೈನಿಗೆ ಹಾಕಿದರೆ ಒಡೆಯುತ್ತೆ. ಬೆಳಗಿನ ತಣ್ಣನೆ ಎಣ್ಣೆ ಮಂದ ಇರುತ್ತೆ, ಆದ್ದರಿಂದ ಬೈಪಾಸ್ ವಾಲ್ವ್ ಇರುವ ಕೂಲರ್ ಒಳ್ಳೇದು. ಎಣ್ಣೆ ಕೆಳಗಿನಿಂದ ಒಳಹೋಗಿ ಮೇಲಿನಿಂದ ಹೊರಬಂದರೆ ಒಳಗೆ ಗಾಳಿ ನಿಲ್ಲೋದಿಲ್ಲ. ಪೈಪು ಎಣ್ಣೆಗೆ, ಬಿಸಿಗೆ ತಡೆಯುವಂಥದ್ದೇ ಆಗಬೇಕು, ಮೊದಲಿದ್ದ ಪೈಪಿಗಿಂತ ಕಿರಿದಾಗಬಾರದು. ನೀರಿನ ಪೈಪು ಬೇಡ.

ಜಾಗ ಮುಖ್ಯ. ರೇಡಿಯೇಟರ್ ಮುಂದೆ ಕಟ್ಟಿದರೆ ಬಿಸಿ ಗಾಳಿ ಇಂಜಿನ್ನಿಗೇ ಹೊಡೆಯುತ್ತೆ. ನಾನು ಅಲ್ಲಿಂದ ತೆಗೆದು ಪಕ್ಕಕ್ಕೆ ರಬ್ಬರ್ ಬುಷ್ ಮೇಲೆ ಕೂರಿಸಿ, 12 ವೋಲ್ಟಿನ ಫ್ಯಾನ್ ಹಾಕಿಸಿದೆ. ಅದರ ವೈರಿಗೆ ಫ್ಯೂಸ್, ರಿಲೇ ಬೇಕು. ಮೊದಲು ಸೀಲ್ ಹೋಗಿದ್ದರಿಂದ ರಬ್ಬರ್ ಚೂರು ಒಳಗೆ ಸಿಕ್ಕಿರಬಹುದೆಂದು ಕೂಲರನ್ನು ಚೆನ್ನಾಗಿ ತೊಳೆಸಿದೆವು. ಕೂಲರ್, ಪೈಪು ತುಂಬಿದಷ್ಟು ಎಣ್ಣೆ ಟ್ಯಾಂಕಿನಲ್ಲಿ ಇಳಿಯುತ್ತೆ. ಸ್ವಲ್ಪ ಹೊತ್ತು ಓಡಿಸಿ ಮಟ್ಟ ನೋಡಿ ತುಂಬಿಸಬೇಕು.

ಎಚ್ಚರ

ಬಕೆಟ್ ನೆಲಕ್ಕೆ ಇಳಿಸಿ, ಇಂಜಿನ್ ಆರಿಸಿ, ಲಿವರ್ ಹಿಂದೆಮುಂದೆ ಆಡಿಸಿ ಪ್ರೆಷರ್ ಬಿಟ್ಟು, ಎಣ್ಣೆ ಆರಿದ ಮೇಲೆಯೇ ಪೈಪು ಬಿಚ್ಚಬೇಕು. ಸೋರುವ ಜಾಗವನ್ನು ಕೈಯಲ್ಲಿ ತಡಕಬೇಡಿ, ರಟ್ಟಿನ ತುಂಡು ಹಿಡಿದು ನೋಡಿ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮದೊಳಕ್ಕೆ ಹೊಕ್ಕುತ್ತೆ. ನೋವಿಲ್ಲ ಅಂತ ಸುಮ್ಮನಾದರೆ ಬೆರಳೇ ಹೋದೀತು. ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಈಗ

ಕಾವು ಅಳೆಯೋಕೆ ಗನ್ ಥರ್ಮಾಮೀಟರ್ ತಂದಿದ್ದೇನೆ. ಕೊರೋನಾ ಕಾಲದ ಹಣೆಗೆ ಹಿಡಿಯುವ ಗನ್ ಇದಕ್ಕೆ ಆಗೋದಿಲ್ಲ, ಅದು ಮೈಜ್ವರದ ಮಟ್ಟಕ್ಕೆ ಮಾತ್ರ. ಹೊಳೆಯುವ ಲೋಹಕ್ಕೆ ಹಿಡಿದರೆ ತಪ್ಪು ತೋರಿಸುತ್ತೆ, ಬಣ್ಣ ಬಳಿದ ಜಾಗಕ್ಕೆ ಹಿಡಿಯಬೇಕು. 40 ಡಿಗ್ರಿ ಬಿಸಿಲಲ್ಲೂ ನಮ್ಮ ಟ್ಯಾಂಕ್ ಈಗ 70 ದಾಟಿಲ್ಲ. ಸಂಜೆ ಕೂಲರಿನ ಧೂಳನ್ನು ಒಳಗಿನಿಂದ ಹೊರಕ್ಕೆ ಗಾಳಿ ಹಾಕಿ ಹಾರಿಸುತ್ತೇವೆ.

ಆ ಬೇಸಿಗೆಯ ಅರ್ಧ ದುಡಿಮೆ ನನಗೆ ಸೀಲ್, ಎಣ್ಣೆಗೇ ಹೋಯ್ತು. ನಿಮಗೆ ಹಾಗಾಗೋದು ಬೇಡ. ಕೂಲರ್ ಅಂಗಡಿಗೆ ಹೋಗುವ ಮೊದಲು ಒಂದು ದಿನ ಕೆರೆ ಅಂಗಳದಲ್ಲಿ ನಿಂತು, ಲಿವರ್ ಹಿಡಿದವರ ಕೈ ನೋಡಿ.