ಸಖೀರ್ ಟ್ರ್ಯಾಕ್‌ನಲ್ಲಿ ಬ್ರೇಕ್‌ಗೆ ದುಡ್ಡು ಎಲ್ಲಿ ಹಾಕಬೇಕು?

ಹಳೆಯ ಸ್ಪೋರ್ಟ್ಸ್ ಕಾರು ಕೊಂಡ ಮೇಲೆ ನಾನೂ ಆಸೆಗೆ ಬಿದ್ದು ಸಖೀರ್‌ನ ಬಹ್ರೇನ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್‌ಗೆ ಟ್ರ್ಯಾಕ್ ಡೇಗೆ ಹೋದೆ. ಒಂದು ಸುತ್ತು 5.412 ಕಿ.ಮೀ. ಉದ್ದನೆಯ ನೇರ ಓಟ ಮುಗಿದ ಕೂಡಲೇ ಮೊದಲ ತಿರುವು. ನಾಲ್ಕನೇ ಸುತ್ತಿನಲ್ಲಿ ಅಲ್ಲಿ ಬ್ರೇಕ್ ಒತ್ತಿದರೆ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಯಿತು. ಕಾರು ಹೇಗೋ ನಿಂತಿತು, ನನ್ನ ಕಾಲು ನಡುಗುತ್ತಿತ್ತು.

ಗ್ಯಾರೇಜಿನವರು ದೊಡ್ಡ ಬ್ರೇಕ್ ಕಿಟ್ ಹಾಕಿಸಿ ಎಂದರು. ಕೊಟೇಶನ್ ನೋಡಿದರೆ ನನ್ನ ಆರು ತಿಂಗಳ ಎಸ್‌ಐಪಿ! ಬೇಡವೆಂದೆ. ಪೆಡಲ್ ಗಟ್ಟಿಯಾಗಿದ್ದೂ ಕಾರು ನಿಲ್ಲದಿದ್ದರೆ ಪ್ಯಾಡ್ ಸೋತಿರುತ್ತದೆ; ಪೆಡಲ್ ಮೆತ್ತಗಾದರೆ ಬ್ರೇಕ್ ಆಯಿಲ್ ಕುದ್ದಿರುತ್ತದೆ. ಈ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ಮಾನದಂಡದಲ್ಲಿ ಹೊಸದರ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್, ತೇವ ಸೇರಿದ ಮೇಲೆ 155. ಸುತ್ತ ಸಮುದ್ರವಿರುವ ಈ ದ್ವೀಪದಲ್ಲಿ ನಾನು ಎರಡು ವರ್ಷ ಅದನ್ನು ಬದಲಿಸಿರಲಿಲ್ಲ.

ಮೊದಲು ಹೆಚ್ಚು ಕುದಿಬಿಂದುವಿನ ಆಯಿಲ್ ಹಾಕಿಸಿದೆ, ಆಮೇಲೆ ಟ್ರ್ಯಾಕ್ ಪ್ಯಾಡ್. ಪ್ಯಾಡ್ ತಣ್ಣಗಿದ್ದಾಗ ಸರಿಯಾಗಿ ಹಿಡಿಯದು, ಕಿರುಗುಟ್ಟುತ್ತದೆ, ಡಿಸ್ಕನ್ನೂ ಬೇಗ ಸವೆಸುತ್ತದೆ. ಹಾಗಾಗಿ ಆಫೀಸಿಗೆ ಹೋಗಲು ಹಳೆಯ ಪ್ಯಾಡೇ. ಬಜೆಟ್‌ನಲ್ಲಿ ಇದನ್ನೆಲ್ಲ ಒಂದು ಸಲದ ಅಪ್‌ಗ್ರೇಡ್ ಎಂದು ಬರೆಯಬೇಡಿ, ವರ್ಷವರ್ಷದ ಖರ್ಚಿಗೆ ಸೇರಿಸಿ. ಇನ್ಶೂರೆನ್ಸ್ ಪಾಲಿಸಿಯನ್ನೂ ಓದಿಕೊಳ್ಳಿ. ನನ್ನದರಲ್ಲಿ ಟ್ರ್ಯಾಕ್ ಮೇಲಾದ ಹಾನಿಗೆ ಒಂದು ಫಿಲ್ಸೂ ಸಿಗುವುದಿಲ್ಲ.