ಪ್ರಭುಶಕ್ತಿಯ ಎಲ್ಲೆ

ಸಮಾಜಕ್ಕೆ ಪ್ರಭುತ್ವವು ಅವಶ್ಯ. ದುರ್ಬಲನನ್ನು ಬಲಿಷ್ಠನಿಂದ ಕಾಪಾಡುವುದು, ನೊಂದವನಿಗೆ ನ್ಯಾಯವನ್ನು ದೊರಕಿಸುವುದು ಅದರ ಧರ್ಮ. ಆದರೆ ಕಾಯುವ ಅಧಿಕಾರವೇ ಮೇರೆ ಮೀರಿದರೆ ಪ್ರಜೆಯು ಯಾರನ್ನು ಮೊರೆಹೋಗಬೇಕು? ಈ ಪ್ರಶ್ನೆಯು ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿಯೇ ತಲೆದೋರಿದ್ದಿತು.

ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿ ರಾಜಸೇವೆಯಲ್ಲಿದ್ದವರು. ಒಪ್ಪಿಕೊಂಡ ಕಾಯಕಕ್ಕೆ ನಿಷ್ಠರಾಗಿದ್ದರೂ ತಮ್ಮ ಅಂತಃಸಾಕ್ಷಿಯನ್ನು ಅವರು ಅರಸನಿಗೆ ಒಪ್ಪಿಸಲಿಲ್ಲ. ಹರಳಯ್ಯ ಮಧುವರಸರು ಮನಸಾರೆ ಒಪ್ಪಿ ತಮ್ಮ ಮಕ್ಕಳಿಗೆ ವಿವಾಹವನ್ನು ನೆರವೇರಿಸಿದರು. ಎರಡು ಮನೆಗಳ ಈ ಸಂಬಂಧವನ್ನು ಅರಸನು ಅಪರಾಧವೆಂದೆಣಿಸಿ, ಆ ಶರಣರ ಕಣ್ಣು ಕೀಳಿಸಿ ಆನೆಯ ಕಾಲಿಗೆ ಕಟ್ಟಿಸಿ ಎಳೆಸಿದನೆಂದು ಪರಂಪರೆಯು ಹೇಳುತ್ತದೆ. ಆ ಅರಸನ ಕೈ ತಡೆಯುವ ನ್ಯಾಯಸ್ಥಾನವೊಂದು ಆಗ ಇರಲಿಲ್ಲ.

ನಮ್ಮ ಕಾಲಕ್ಕೆ ಸಂವಿಧಾನವಿದೆ, ನ್ಯಾಯಾಲಯವಿದೆ. ಆದರೂ ಅವುಗಳಿಂದಲೇ ಸ್ವಾತಂತ್ರ್ಯವು ಭದ್ರವೆಂದು ತಿಳಿಯಲಾಗದು. 1975ರ ಜೂನ್ 25ರಂದು ಆಂತರಿಕ ಕ್ಷೋಭೆಯ ಕಾರಣವನ್ನು ಮುಂದಿಟ್ಟು ದೇಶದಲ್ಲಿ ತುರ್ತು ಪರಿಸ್ಥಿತಿಯನ್ನು ಘೋಷಿಸಲಾಯಿತು. ಮರುದಿನವೇ, ಸಂಸತ್ತಿನ ಸಮಿತಿಯ ಕಾರ್ಯಕ್ಕಾಗಿ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಮೊದಲಾದವರು ಬಂಧಿತರಾದರು. ಆಂತರಿಕ ಭದ್ರತಾ ಕಾಯಿದೆಯೊಂದರಡಿಯಲ್ಲಿಯೇ ಸುಮಾರು 35,000 ಮಂದಿ ವಿಚಾರಣೆಯಿಲ್ಲದೆ ಸೆರೆಯಲ್ಲಿದ್ದರೆಂದು ಮುಂದೆ ಷಾ ಆಯೋಗವು ಎಣಿಸಿತು. ಜೀವ ಮತ್ತು ಸ್ವಾತಂತ್ರ್ಯದ ಹಕ್ಕನ್ನು ಕೋರಿ ನ್ಯಾಯಾಲಯಕ್ಕೆ ಹೋಗುವ ದಾರಿಯನ್ನು ರಾಷ್ಟ್ರಪತಿಗಳ ಆಜ್ಞೆಯೊಂದು ಮುಚ್ಚಿತು.

ಕರ್ನಾಟಕವೂ ಸೇರಿದಂತೆ ಹಲವು ಉಚ್ಚ ನ್ಯಾಯಾಲಯಗಳು, ಬಂಧನವು ಕಾಯಿದೆಗೆ ಅನುಗುಣವೇ ಎಂದು ಪರಿಶೀಲಿಸುವ ಅಧಿಕಾರ ತಮಗುಂಟೆಂದವು. ಸರ್ಕಾರವು ಇದನ್ನು ಒಪ್ಪದೆ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಪೊಲೀಸನೊಬ್ಬನು ಸ್ವಂತ ದ್ವೇಷದಿಂದ ಒಬ್ಬನನ್ನು ಕೊಂದರೂ ಪರಿಹಾರವಿಲ್ಲವೇ ಎಂದು ನ್ಯಾಯಮೂರ್ತಿ ಹನ್ಸ್‌ರಾಜ್ ಖನ್ನಾ ಅವರು ಪ್ರಶ್ನಿಸಿದಾಗ, ತುರ್ತು ಪರಿಸ್ಥಿತಿ ಇರುವವರೆಗೆ ಇಲ್ಲವೆಂದೇ ಸರ್ಕಾರದ ಪರ ವಕೀಲರು ಉತ್ತರಿಸಿದರು. 1976ರ ಏಪ್ರಿಲ್ 28ರಂದು ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು ಸರ್ಕಾರದ ವಾದವನ್ನೇ ಎತ್ತಿಹಿಡಿದರು.

ಖನ್ನಾ ಒಬ್ಬರೇ ಬೇರೆಯಾಗಿ ನಿಂತರು. ಜೀವವೂ ಸ್ವಾತಂತ್ರ್ಯವೂ ಸಂವಿಧಾನದ ಒಂದು ವಿಧಿಯಿಂದ ಮಾತ್ರ ಬಂದ ವರಗಳಲ್ಲ. ಆ ವಿಧಿಯು ಇಲ್ಲದಿದ್ದರೂ ಕಾನೂನಿನ ಆಧಾರವಿಲ್ಲದೆ ಅವನ್ನು ಕಸಿಯಲು ಪ್ರಭುತ್ವಕ್ಕೆ ಅಧಿಕಾರವಿಲ್ಲ ಎಂಬುದು ಅವರ ಮತದ ಸಾರ. ಇದಕ್ಕೆ ಅವರು ತೆತ್ತ ಬೆಲೆ ಅಲ್ಪವಲ್ಲ. 1977ರ ಜನವರಿಯಲ್ಲಿ ಅವರಿಗಿಂತ ಕಿರಿಯರಾದವರನ್ನು ಮುಖ್ಯ ನ್ಯಾಯಮೂರ್ತಿಗಳನ್ನಾಗಿ ನೇಮಿಸಲಾಯಿತು. ಖನ್ನಾ ಅವರು ರಾಜೀನಾಮೆಯನ್ನಿತ್ತು ಹೊರನಡೆದರು.

ಆದರೆ ಅವರ ಮಾತು ನಷ್ಟವಾಗಲಿಲ್ಲ. ಜೀವ ಸ್ವಾತಂತ್ರ್ಯಗಳ ಹಕ್ಕನ್ನು ತುರ್ತು ಪರಿಸ್ಥಿತಿಯಲ್ಲಿಯೂ ಅಮಾನತಿನಲ್ಲಿಡಬಾರದೆಂದು 1978ರ 44ನೆಯ ತಿದ್ದುಪಡಿಯು ವಿಧಿಸಿತು. ಮುಂದೆ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. 1976ರ ತೀರ್ಪನ್ನೂ ತಳ್ಳಿಹಾಕಿತು. ಆ ಹಕ್ಕು ನಿರಂಕುಶವೆಂದು ಪೀಠವು ಹೇಳಲಿಲ್ಲ. ಆದರೆ ಪ್ರಭುತ್ವವು ಅದನ್ನು ಮಿತಿಗೊಳಿಸಬೇಕಾದರೆ ಕಾನೂನಿನ ಬಲವಿರಬೇಕು, ಯೋಗ್ಯ ಉದ್ದೇಶವಿರಬೇಕು, ಉದ್ದೇಶಕ್ಕೆ ತಕ್ಕಷ್ಟೇ ನಿರ್ಬಂಧವಿರಬೇಕು.

ಇದರಿಂದ ಸಾಧಕರು ಗ್ರಹಿಸಬೇಕಾದ ತತ್ತ್ವವೇನು? ಅಧಿಕಾರವು ಬಹುಮಟ್ಟಿಗೆ ಬೆಳೆಯುವುದು ಭಯದಿಂದ. ಕಂಟಕದ ಹೆಸರಿನಲ್ಲಿ ಬೇಡಿದ ಅಧಿಕಾರವನ್ನು ಕಂಟಕವು ಕಳೆದ ಮೇಲೆಯೂ ಬಿಟ್ಟುಕೊಡಲು ಮನಸ್ಸು ಬಾರದು. ಕಾನೂನು ಅದಕ್ಕೆ ಕಟ್ಟಿದ ಒಡ್ಡು. ಆ ಒಡ್ಡನ್ನು ಕಾಯುವವರು ಭಯಗೊಂಡರೆ ಅದು ಇದ್ದೂ ಇಲ್ಲದಂತೆ. ಅಧಿಕಾರಿಯಾಗಲಿ, ನ್ಯಾಯಾಧೀಶನಾಗಲಿ, ಸಾಮಾನ್ಯ ಪ್ರಜೆಯಾಗಲಿ, ತನ್ನ ಕಾಯಕದ ಸ್ಥಾನದಲ್ಲಿ ನಿಂತು ಆಗದುದನ್ನು ಆಗದೆಂದು ಹೇಳುವ ಧೈರ್ಯವನ್ನು ಬೆಳೆಸಿಕೊಳ್ಳಬೇಕು. ಮಾನವನ ಘನತೆಯು ಅರಸನು ಕೊಟ್ಟುದಲ್ಲವೆಂದು ಶರಣರು ನಡೆದು ತೋರಿದರು. ಅದನ್ನು ಅರಿತವನು ಪ್ರಭುತ್ವವನ್ನು ಗೌರವಿಸುವನು. ಅದರ ಎಲ್ಲೆಯನ್ನೂ ಕಾಯುವನು.