ಹಿರಿಯರ ಬಸ್ ಪಾಸು: ಬಿಟ್ಟಿ ಪ್ರಯಾಣದ ಲೆಕ್ಕ

ದೀಪಾವಳಿಗೆ ಊರಿಗೆ ಹೋಗಿ ಬಂದ ನಮ್ಮ ಸದಸ್ಯರೊಬ್ಬರು ವಾಚನಾಲಯದ ಮೇಜಿನ ಮೇಲೆ ಒಂದು ಚಿಕ್ಕ ಚೀಟಿಯನ್ನಿಟ್ಟರು. ಅವರ ತಾಯಿಯವರು ಹುಬ್ಬಳ್ಳಿಯಿಂದ ಗದಗಿಗೆ ಹೋದಾಗ ಕಂಡಕ್ಟರರು ಹರಿದುಕೊಟ್ಟ ಶೂನ್ಯ ಟಿಕೆಟ್ಟು ಅದು. ಕರ್ನಾಟಕದಲ್ಲಿ 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯ ಮೇರೆಗೆ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಹಣ ಕೊಡದೆ ಪ್ರಯಾಣ ಮಾಡುವ ಅನುಕೂಲವಾಯಿತಷ್ಟೆ. “ರೊಕ್ಕಾನ ತೊಗೊಳ್ಳಂಗಿಲ್ಲ ಅಂದಮ್ಯಾಲೆ ಈ ಚೀಟಿ ಯಾಕ ಬೇಕೋ ತಮ್ಮಾ?” ಎಂದು ತಾಯಿಯವರು ಕೇಳಿದರಂತೆ. ಮಗನಿಗೆ ಉತ್ತರ ಹೊಳೆಯಲಿಲ್ಲ. ಪ್ರಶ್ನೆ ನಮ್ಮ ಮೇಜಿಗೆ ಬಂತು.

ಪ್ರಶ್ನೆ ಸಣ್ಣದಲ್ಲ. ಬಿಟ್ಟಿ ಪ್ರಯಾಣವೆಂದರೆ ಯಾರೂ ಹಣ ಕೊಡದ ಪ್ರಯಾಣವಲ್ಲ, ಕೂತವರ ಬದಲು ಬೇರೆ ಯಾರೋ ಕೊಡುವ ಪ್ರಯಾಣ. ಕೊಡುವವರಿಗೆ ಲೆಕ್ಕ ಬೇಕು. ಕರ್ನಾಟಕದಲ್ಲಿ ಆ ಲೆಕ್ಕವನ್ನು ಹಿಡಿಯುವುದು ಶೂನ್ಯ ಟಿಕೆಟ್ಟು. ಹಿರಿಯರ ವಿಷಯದಲ್ಲಿ ಇದೇ ಕೆಲಸವನ್ನು ಒಂದು ಪ್ಲಾಸ್ಟಿಕ್ ಕಾರ್ಡಿನಿಂದ ಮಾಡಿಸುವ ಪದ್ಧತಿ ಇಂಗ್ಲೆಂಡಿನಲ್ಲಿದೆ. ಅಲ್ಲಿ ಕಾನೂನು, ಕಾರ್ಡು, ಲೆಕ್ಕ ಮೂರೂ ಸ್ಪಷ್ಟವಾಗಿರುವುದರಿಂದ ಅದನ್ನೇ ಉದಾಹರಣೆಯಾಗಿ ತೆಗೆದುಕೊಂಡಿದ್ದೇವೆ.

ಮೊದಲು ಅಲ್ಲಿಯೂ ಮುದುಕರ ರಿಯಾಯಿತಿ ಆಯಾ ಊರಿನ ಪೌರಸಭೆಯ ಮರ್ಜಿಯಾಗಿತ್ತು. ಒಂದೂರಲ್ಲಿ ಉಂಟು, ಪಕ್ಕದೂರಲ್ಲಿ ಇಲ್ಲ. 2000ದ ಸಾರಿಗೆ ಕಾನೂನು ಅರ್ಧ ದರವನ್ನು ಕಡ್ಡಾಯ ಮಾಡಿತು. 2006ರ ಏಪ್ರಿಲಿನಿಂದ ತಂತಮ್ಮ ಪೌರಸಭೆಯ ಎಲ್ಲೆಯೊಳಗೆ ಪೂರ್ತಿ ಬಿಟ್ಟಿಯಾಯಿತು. 2007ರ ಇನ್ನೊಂದು ಕಾನೂನಿನ ಬಲದಿಂದ 2008ರ ಏಪ್ರಿಲ್ 1ರಂದು ಇಡೀ ಇಂಗ್ಲೆಂಡಿನ ಸ್ಥಳೀಯ ಬಸ್ಸುಗಳು ಹಿರಿಯರಿಗೆ ತೆರೆದವು. ಕಾನೂನು ಇಟ್ಟದ್ದು ಕನಿಷ್ಠ ಹಕ್ಕು. ಪೌರಸಭೆ ಅದಕ್ಕಿಂತ ಹೆಚ್ಚು ಕೊಡಬಹುದು, ಕಡಿಮೆ ಕೊಡುವಂತಿಲ್ಲ. ಈ ಮಾತಿನ ಬೆಲೆ ನಮಗೆ ತಿಳಿಯದ್ದಲ್ಲ. ನಮ್ಮ ರೈಲುಗಳಲ್ಲಿ 60 ದಾಟಿದ ಗಂಡಸರಿಗೆ ನೂರಕ್ಕೆ 40, 58 ದಾಟಿದ ಹೆಂಗಸರಿಗೆ ನೂರಕ್ಕೆ 50ರಷ್ಟಿದ್ದ ರಿಯಾಯಿತಿ 2020ರ ಮಾರ್ಚಿನಲ್ಲಿ ಒಂದು ಆದೇಶದಿಂದ ನಿಂತುಹೋಯಿತು.

ಇಂಗ್ಲೆಂಡಿನವರದೂ ಎಲ್ಲ ಹೂವಿನ ಹಾಸಿಗೆಯಲ್ಲ. ಪಾಸಿನ ವಯಸ್ಸು ಮೊದಲು 60 ಇತ್ತು. 2010ರಿಂದ ಅದನ್ನು ಹೆಂಗಸರ ಸರಕಾರಿ ಪಿಂಚಣಿಯ ವಯಸ್ಸಿಗೆ ಕಟ್ಟಿದರು. ಅದು ಏರುತ್ತ ಏರುತ್ತ 2020ರ ಅಕ್ಟೋಬರಿಗೆ 66 ಮುಟ್ಟಿತು. 2026ರಿಂದ 2028ರೊಳಗೆ 67 ಮುಟ್ಟಬೇಕೆಂದು ಕಾನೂನಿದೆ. ಹಿಡಿಯಲು ಓಡಿದಂತೆಲ್ಲ ಮುಂದಕ್ಕೆ ಸರಿಯುವ ಬಸ್ಸಿನ ಹಾಗೆ!

ಇನ್ನು ಕಾರ್ಡಿನ ವಿಷಯ. ನೋಡಲು ಬ್ಯಾಂಕಿನ ಕಾರ್ಡಿನಷ್ಟೇ ಗಾತ್ರ. ಮೇಲೆ ಹೆಸರು, ಭಾವಚಿತ್ರ, ಮುಗಿಯುವ ತಾರೀಖು. ಒಳಗೆ ಬ್ಯಾಟರಿ ಇಲ್ಲ. ಪ್ಲಾಸ್ಟಿಕ್ಕಿನ ಪದರಗಳ ನಡುವೆ ತೆಳ್ಳಗಿನ ತಂತಿಯ ಸುರುಳಿಯೊಂದು ಸುತ್ತಿದೆ. ಅದರ ತುದಿಗೆ ಅಕ್ಕಿಕಾಳಿಗಿಂತ ಅಷ್ಟೇನೂ ದೊಡ್ಡದಲ್ಲದ ಚಿಪ್ಪು. ಬಸ್ಸಿನಲ್ಲಿರುವ ಯಂತ್ರವು ತನ್ನ ಸುತ್ತ ಕೆಲವೇ ಅಂಗುಲ ದೂರದವರೆಗೆ ಒಂದು ಕಾಂತಕ್ಷೇತ್ರವನ್ನು ಹರಡಿರುತ್ತದೆ. ಈ ಕ್ಷೇತ್ರ ಸೆಕೆಂಡಿಗೆ 1 ಕೋಟಿ 35 ಲಕ್ಷಕ್ಕೂ ಹೆಚ್ಚು ಬಾರಿ ತಿರುವುಮುರುವಾಗುತ್ತದೆ. ಹೀಗೆ ಬದಲಾಗುವ ಕ್ಷೇತ್ರದಲ್ಲಿ ತಂತಿಯ ಸುರುಳಿ ಇಟ್ಟರೆ ಅದರಲ್ಲಿ ವಿದ್ಯುತ್ತು ಹುಟ್ಟುತ್ತದೆಂದು ಫ್ಯಾರಡೆ 1831ರಲ್ಲಿ ತೋರಿಸಿದ್ದನು. ಕಾರ್ಡಿನ ಚಿಪ್ಪು ಎಚ್ಚರಗೊಳ್ಳುವುದು ಅದೇ ವಿದ್ಯುತ್ತಿನಿಂದ. ಯಂತ್ರದ ಬಳಿ ಬಂದಾಗ ಎದ್ದು ಮಾತನಾಡುತ್ತದೆ, ದೂರ ಸರಿದೊಡನೆ ಮಲಗುತ್ತದೆ. ಕೊರಳಿಗೆ ಹಾಕಿಕೊಳ್ಳಲು ಅನುಕೂಲವೆಂದು ಕಾರ್ಡಿನ ಮೂಲೆಗೆ ತೂತು ಕೊರೆಯುವ ಹಿರಿಯರು ಇದನ್ನು ತಿಳಿದಿರಬೇಕು: ಆ ತೂತು ಸುರುಳಿಯನ್ನು ಕತ್ತರಿಸಿದರೆ ಕಾರ್ಡು ಮತ್ತೆ ಏಳುವುದೇ ಇಲ್ಲ. ಅದನ್ನು ಬ್ಯಾಂಕಿನ ಕಾರ್ಡಿಗೆ ಒತ್ತಿ ಹಿಡಿದರೂ ತೊಡಕು. ಇಬ್ಬರೂ ಒಮ್ಮೆಗೇ ಮಾತನಾಡಿ ಯಂತ್ರ ಗೊಂದಲಕ್ಕೀಡಾಗುತ್ತದೆ.

ಏಳುವ ಚಿಪ್ಪು ಹೇಳುವುದೇನು? ನಮ್ಮ ಮೆಟ್ರೋ ಕಾರ್ಡಿಗೆ ದುಡ್ಡು ತುಂಬುತ್ತೇವೆ. ಯಂತ್ರ ಅದರಿಂದ ಕಳೆಯುತ್ತದೆ. ಹಿರಿಯರ ಪಾಸಿನಲ್ಲಿ ದುಡ್ಡಿಲ್ಲ. ಅದರಲ್ಲಿರುವುದು ಒಂದು ಅಧಿಕಾರಪತ್ರ: ಇಂಥ ಸಂಖ್ಯೆಯ ಕಾರ್ಡು, ಇಂಥ ಪೌರಸಭೆ ಕೊಟ್ಟದ್ದು, ಇಂಥ ವರ್ಗದ್ದು, ಇಂಥ ದಿನದವರೆಗೆ ನಡೆಯುವಂಥದ್ದು. ಇದು ಕಳ್ಳಕಾರ್ಡಲ್ಲವೆಂದು ತಿಳಿಯಲು ಯಂತ್ರ ಪ್ರತಿಸಲವೂ ಹೊಸದೊಂದು ಸಂಖ್ಯೆಯನ್ನು ಮುಂದಿಟ್ಟು, ತಮ್ಮಿಬ್ಬರಿಗೇ ಗೊತ್ತಿರುವ ಗುಟ್ಟಿನ ಪ್ರಕಾರ ಅದಕ್ಕೆ ಉತ್ತರ ಕೇಳುತ್ತದೆ. ಉತ್ತರ ಸರಿಬಂದರೆ ನಂಬಿಕೆ. ಎಲ್ಲ ಪೌರಸಭೆಗಳ ಕಾರ್ಡುಗಳೂ ಎಲ್ಲ ಕಂಪನಿಗಳ ಯಂತ್ರಗಳಿಗೆ ಅರ್ಥವಾಗಲೆಂದು ‘ಇಟ್ಸೊ’ ಎಂಬ ಒಂದೇ ಅಳತೆಯನ್ನು ಅಲ್ಲಿ ಗೊತ್ತು ಮಾಡಿದ್ದಾರೆ. ನಮ್ಮಲ್ಲಿ ಒಂದೂರಿನ ಸೇರು ಇನ್ನೊಂದೂರಿನ ಸೇರಿಗೆ ಸರಿಹೊಂದದಿದ್ದ ಕಾಲವನ್ನು ಹಿರಿಯರಿಂದ ಕೇಳಿದವರಿಗೆ ಇದರ ಪ್ರಯೋಜನ ಬಿಡಿಸಿ ಹೇಳಬೇಕಾಗಿಲ್ಲ.

ಈಗ ತಾಯಿಯವರ ಪ್ರಶ್ನೆಗೆ ಬರೋಣ. ಕಾರ್ಡು ಮುಟ್ಟಿಸಿದ ಪ್ರತಿಸಲವೂ ಬಸ್ಸಿನ ಯಂತ್ರದಲ್ಲಿ ಒಂದು ಗೆರೆ ದಾಖಲಾಗುತ್ತದೆ: ಯಾವ ಮಾರ್ಗ, ಎಷ್ಟು ಹೊತ್ತಿಗೆ, ಯಾವ ಪೌರಸಭೆಯ ಕಾರ್ಡು. ಇಂಗ್ಲೆಂಡಿನ ಬಹುತೇಕ ಬಸ್ಸುಗಳು ಖಾಸಗಿ ಕಂಪನಿಗಳವು. ಅವು ಈ ಗೆರೆಗಳನ್ನು ಕೂಡಿಸಿ ಪೌರಸಭೆಗೆ ಬಿಲ್ಲು ಕಳಿಸುತ್ತವೆ. ಆದರೆ ನೂರು ಗೆರೆಗೆ ನೂರು ಟಿಕೆಟ್ಟಿನ ಹಣ ಸಿಗುವುದಿಲ್ಲ. ಬಿಟ್ಟಿ ಪ್ರಯಾಣದಿಂದ ಬಸ್ಸಿನ ಒಡೆಯನಿಗೆ ನಷ್ಟವೂ ಆಗಬಾರದು, ಲಾಭವೂ ಆಗಬಾರದು ಎಂಬುದು ಅಲ್ಲಿಯ ನಿಯಮ. ತಿಂಗಳಿಗೆ ನೂರು ಸಲ ಹಿರಿಯರು ಹತ್ತಿದರೆನ್ನೋಣ. ಟಿಕೆಟ್ಟಿಗೆ ಹಣ ಕೊಡಬೇಕಾಗಿದ್ದರೆ ಎಷ್ಟು ಸಲ ಹತ್ತುತ್ತಿದ್ದರು? ಲೆಕ್ಕ ಹಾಕಿ ನಲ್ವತ್ತು ಎಂದು ತೀರ್ಮಾನವಾದರೆ, ಆ ನಲ್ವತ್ತರ ಟಿಕೆಟ್ಟಿನ ಹಣ ಕಂಪನಿಗೆ ಸಲ್ಲುತ್ತದೆ. ಉಳಿದ ಅರವತ್ತು ಸಲ ಬಿಟ್ಟಿಯೆಂದೇ ಹೊರಟದ್ದು. ಅದಕ್ಕೆ ಟಿಕೆಟ್ಟಿನ ದರವಿಲ್ಲ, ಅವರನ್ನು ಸಾಗಿಸಲು ತಗುಲಿದ ಹೆಚ್ಚಿನ ಖರ್ಚು ಮಾತ್ರ ಸಿಗುತ್ತದೆ. (ನಲ್ವತ್ತೆಂಬುದು ತಿಳಿವಳಿಕೆಗಾಗಿ ನಾವು ಹಾಕಿಕೊಂಡ ಅಂಕೆ.) ಮನೆಯಲ್ಲೇ ಕೂತಿರುತ್ತಿದ್ದ ಮುದುಕ ಎಷ್ಟು ಸಲ ಮನೆಯಲ್ಲೇ ಕೂತಿರುತ್ತಿದ್ದನು ಎಂಬುದನ್ನು ಯಾವ ಗುಮಾಸ್ತ ಎಣಿಸಬಲ್ಲ? ಅದಕ್ಕೇ ಇಲ್ಲಿ ಜಗಳ ಹೆಚ್ಚು. ಪೌರಸಭೆಯ ಲೆಕ್ಕ ಒಪ್ಪದ ಕಂಪನಿ ಸಾರಿಗೆ ಮಂತ್ರಿಯವರೆಗೆ ಅಪೀಲು ಹೋಗಬಹುದು.

ಆದ್ದರಿಂದ ಪರಿಚಯದ ಡ್ರೈವರನು “ಇರಲಿ ಬನ್ನಿ ಅಜ್ಜಾ, ಕೂತುಕೊಳ್ಳಿ” ಎಂದು ಕಾರ್ಡು ಮುಟ್ಟಿಸದೆ ಬಿಟ್ಟರೆ ಅದು ಉಪಕಾರದಂತೆ ಕಾಣುವ ಅಪಕಾರ. ಹತ್ತು ಮಂದಿ ಹಿರಿಯರು ಹತ್ತಿದ ಬಸ್ಸು ಕಾಗದದ ಮೇಲೆ ಖಾಲಿ ಬಸ್ಸು. ಖಾಲಿ ಬಸ್ಸನ್ನು ನಿಲ್ಲಿಸಿಬಿಡುವುದು ಬಹಳ ಸುಲಭ. ನಮ್ಮ ಸದಸ್ಯರ ತಾಯಿಯವರ ಶೂನ್ಯ ಟಿಕೆಟ್ಟೂ ಇದೇ ಜಾತಿಯದು: ಅವರ ಕೈಗೆ ಅದು ಸೊನ್ನೆ, ಸಾರಿಗೆ ಸಂಸ್ಥೆ ಸರಕಾರಕ್ಕೆ ಒಪ್ಪಿಸುವ ಲೆಕ್ಕದಲ್ಲಿ ಅದೊಂದು ಪ್ರಯಾಣ. ಚೆನ್ನೈಯಲ್ಲಿ 60 ದಾಟಿದವರಿಗೆ ತಿಂಗಳಿಗೆ ಹತ್ತರಂತೆ ಟೋಕನ್ನು ಕೊಡುವ ಏರ್ಪಾಡನ್ನು 2016ರಲ್ಲಿ ತಂದರು. ಅಲ್ಲಿ ಎಣಿಕೆ ಮೊದಲೇ ಮುಗಿದಿರುತ್ತದೆ, ಹನ್ನೊಂದನೆಯ ಪ್ರಯಾಣಕ್ಕೆ ಜೇಬಿಗೆ ಕೈ ಹಾಕಬೇಕು.

ಕಾರ್ಡಿಗೆ ಗಡಿಯಾರವೂ ಉಂಟು. ಇಂಗ್ಲೆಂಡಿನ ಕಾನೂನು ಕೊಡುವ ಹಕ್ಕು ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 9-30ರಿಂದ ರಾತ್ರಿ 11ರ ತನಕ. ಶನಿವಾರ, ಭಾನುವಾರ ಮತ್ತು ಸರಕಾರಿ ರಜೆಗಳಂದು ಇಡೀ ದಿನ. ಲಂಡನ್ನಿನವರ ‘ಫ್ರೀಡಂ ಪಾಸು’ ಹೆಚ್ಚು ಉದಾರ, ಅದು ನೆಲದಡಿಯ ರೈಲಿನಲ್ಲೂ ನಡೆಯುತ್ತದೆ. ಆದರೆ 2020ರ ಜೂನ್‌ನಲ್ಲಿ, ಕೊರೋನಾ ಕಾಲದಲ್ಲಿ, ಕೆಲಸದ ದಿನಗಳಂದು ಬೆಳಿಗ್ಗೆ 9ಕ್ಕೆ ಮುಂಚೆ ಅದು ನಡೆಯದಂತೆ ತಾತ್ಕಾಲಿಕವೆಂದು ತಡೆದರು. 2023ರಲ್ಲಿ ಅದೇ ಕಾಯಂ ಆಯಿತು. ಆಫೀಸಿನ ನೂಕುನುಗ್ಗಲಿನಲ್ಲಿ ಹಿರಿಯರೇಕೆ, ಹತ್ತು ಗಂಟೆಗೆ ಹೊರಡಲಿ ಎಂಬುದು ವಾದ. ಮೇಲ್ನೋಟಕ್ಕೆ ಸರಿ. ಆದರೆ ಗುಮಾಸ್ತರು ಬರುವ ಮೊದಲೇ ಕಚೇರಿಯನ್ನು ಗುಡಿಸಿ ಒರೆಸುವವರು ಯಾರು? ಪಿಂಚಣಿ ಸಾಲದೆ ಅರವತ್ತೇಳರಲ್ಲೂ ದುಡಿಯುವವರು ಅಲ್ಲಿಯೂ ಇದ್ದಾರೆ. ಬೆಳಿಗ್ಗೆ ಐದರ ಬಸ್ಸಿನಲ್ಲಿ ನೂಕುನುಗ್ಗಲಿಲ್ಲ. ಆದರೂ ಅವರ ಕಾರ್ಡಿಗೆ ಯಂತ್ರ ಕೆಂಪು ದೀಪ ತೋರಿಸುತ್ತದೆ. ಗೋರೆಗಾಂವ್, ಡೊಂಬಿವಲಿಗಳಿಂದ ಮೊದಲ ಲೋಕಲ್ ಹಿಡಿಯುವ ನಮ್ಮ ವಾಚಕರಿಗೆ ಈ ಅನ್ಯಾಯ ಬೇಗ ಅರ್ಥವಾದೀತು.

ಕಾರ್ಡು ಕಳೆದರೆ ಮಾಡುವುದೇನು? ಉಂಗುರ ಕಳೆದ ಶಕುಂತಲೆಯನ್ನು ದುಷ್ಯಂತ ಗುರುತಿಸಲಿಲ್ಲ. ಯಂತ್ರವೂ ಅಷ್ಟೆ, ಮುಖ ನೋಡಿ ಗುರುತಿಸುವುದಲ್ಲ. ಕಳೆದದ್ದನ್ನು ತಿಳಿಸಿದೊಡನೆ ಕಚೇರಿಯವರು ಆ ಸಂಖ್ಯೆಯನ್ನು ನಿಷೇಧದ ಪಟ್ಟಿಗೆ ಸೇರಿಸುತ್ತಾರೆ. ಪಟ್ಟಿ ಬಸ್ಸುಗಳ ಯಂತ್ರಗಳಿಗೆ ಇಳಿಯುತ್ತದೆ. ಆ ಮೇಲೆ ಹಳೆಯ ಕಾರ್ಡು ಹಾಸಿಗೆಯಡಿಯಲ್ಲಿ ಸಿಕ್ಕರೂ ಅದು ಸತ್ತ ಕಾರ್ಡೇ. ಅದನ್ನು ಹಿಡಿದು ಬಸ್ಸು ಹತ್ತಿದರೆ ನಾಲ್ಕು ಜನರೆದುರು ತಲೆತಗ್ಗಿಸಬೇಕಾದೀತು.

ಗಡಿಯ ಮಾತು ನಮಗೆ ಹೆಚ್ಚು ತಾಗುವಂಥದ್ದು. ಸ್ಕಾಟ್ಲೆಂಡು, ವೇಲ್ಸುಗಳಲ್ಲಿ 60ಕ್ಕೇ ಪಾಸು ಸಿಗುತ್ತದೆ. ಆದರೆ ಕೊಡುವ ಖಜಾನೆ ಬೇರೆಯಾದ್ದರಿಂದ ಸ್ಕಾಟ್ಲೆಂಡಿನ ಪಾಸಿಗೆ ಲಂಡನ್ನಿನ ಬಸ್ಸಿನಲ್ಲಿ ಬೆಲೆಯಿಲ್ಲ. ನಮ್ಮ ಮಹಾರಾಷ್ಟ್ರದಲ್ಲಿ 2022ರ ಆಗಸ್ಟಿನಿಂದ 75 ದಾಟಿದವರಿಗೆ ಎಸ್.ಟಿ. ಬಸ್ಸುಗಳಲ್ಲಿ ಬಿಟ್ಟಿ ಪ್ರಯಾಣ ದೊರೆಯಿತು. 65ರಿಂದ 75ರವರಿಗೆ ಅರ್ಧ ದರ. ಅದೂ ರಾಜ್ಯದ ಗಡಿಯವರೆಗೆ ಮಾತ್ರ. ಸೊಲ್ಲಾಪುರ ದಾಟಿ ವಿಜಯಪುರಕ್ಕೆ ಹೋಗುವ ತಂದೆಯವರನ್ನು ಬಸ್ಸು ಹತ್ತಿಸುವಾಗ ಗಡಿಯಿಂದಾಚೆಯ ಟಿಕೆಟ್ಟಿನ ಹಣವನ್ನು ಅವರ ಕೈಯಲ್ಲಿಡುವುದನ್ನು ಮರೆಯಬಾರದು.

ಕೊನೆಯದಾಗಿ, ಲಂಡನ್ನಾಗಲಿ ಲಾತೂರಾಗಲಿ, ಈ ಏರ್ಪಾಡೆಲ್ಲ ನಿಂತಿರುವುದು ಒಂದು ತಾರೀಖಿನ ಮೇಲೆ. ಹುಟ್ಟಿದ ದಿನ ಒಮ್ಮೆ ರುಜುವಾತಾದರೆ ಆ ಮೇಲೆ ಪ್ರತಿ ಬಸ್ಸಿನಲ್ಲೂ “ಅಜ್ಜಾ, ವಯಸ್ಸೆಷ್ಟು?” ಎಂದು ಯಾರೂ ಕೇಳಬೇಕಾಗಿಲ್ಲ, ಕಾರ್ಡಿನ ದೊಡ್ಡ ಗುಣ ನಮ್ಮ ಎಣಿಕೆಯಲ್ಲಿ ಇದೇ. ಆದರೆ ನಮ್ಮ ಹಿರಿಯರ ಹುಟ್ಟಿದ ದಿನವೆಂಬುದು ಸುಲಭದ ವಸ್ತುವಲ್ಲ. ಶಾಲೆಗೆ ಸೇರಿಸುವ ದಿನ ಮಾಸ್ತರರು ಎಲ್ಲ ಹುಡುಗರಿಗೂ ಜೂನ್ 1 ಎಂದೇ ಬರೆದುಬಿಟ್ಟದ್ದುಂಟು. ಶಾಲೆಯ ಮುಖವನ್ನೇ ಕಾಣದ ತಾಯಂದಿರಿಗೆ ಅದೂ ಇಲ್ಲ. “ಬರ ಬಿದ್ದ ವರ್ಷ ಹುಟ್ಟಿದೆ” ಎಂದರೆ ಯಂತ್ರ ಒಪ್ಪುವುದಿಲ್ಲ. ಆಧಾರದಲ್ಲೊಂದು, ಮತದಾರರ ಚೀಟಿಯಲ್ಲೊಂದು ವಯಸ್ಸಿದ್ದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಈ ಸಲ ಊರಿಗೆ ಹೋದವರು ಮನೆಯ ಹಿರಿಯರ ಕಾಗದಗಳನ್ನೆಲ್ಲ ಒಂದು ಕಡೆ ಇಟ್ಟು ತಾರೀಖುಗಳನ್ನು ತಾಳೆ ನೋಡಿ ಬರಲಿ. ವ್ಯತ್ಯಾಸ ಕಂಡರೆ ಕಾಗದಗಳ ನಕಲುಗಳನ್ನು ಭಾನುವಾರ ಬೆಳಿಗ್ಗೆ ವಾಚನಾಲಯಕ್ಕೆ ತರಬಹುದು. ತಿದ್ದುಪಡಿಯ ಅರ್ಜಿಯನ್ನು ಕೂತು ಬರೆಯೋಣ.